ದುರ್ಗದ ಬಂಡೆ ಬಂಡೆಯಂತೆಯೇ ಕಾಣಬೇಕಾದರೆ: ನಿಸರ್ಗ ಫೋಟೊಗಳ ಎಡಿಟಿಂಗ್ ಮತ್ತು ಫ್ರೇಮ್ ಕೆಲಸ

ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಫೋಟೊ ಎರಡು ಬಗೆಯಲ್ಲಿ ಕೆಡುತ್ತದೆ. ನಡುಮಧ್ಯಾಹ್ನ ತೆಗೆದದ್ದಾದರೆ ಆಕಾಶ ಸುಣ್ಣ ಬಳಿದ ಗೋಡೆಯಂತೆ ಬಿಳಿ, ಬಂಡೆ ಸಿಮೆಂಟಿನಂತೆ ಬೂದು. ಅದನ್ನು ಸರಿಪಡಿಸಲು ಹೋಗಿ ಎಚ್‌ಡಿಆರ್ (ಬಿಸಿಲು, ನೆರಳು ಎರಡರ ವಿವರವನ್ನೂ ಎತ್ತಿ ತೋರಿಸುವ ಎಫೆಕ್ಟ್) ಒತ್ತಿದರೆ ಬಂಡೆಗಳು ತಿಕ್ಕಿ ತೊಳೆದ ಅಲ್ಯೂಮಿನಿಯಂ ಪಾತ್ರೆಯಂತೆ ಹೊಳೆಯುತ್ತವೆ, ಬತೇರಿಯ ಅಂಚಿನ ಸುತ್ತ ಬಿಳಿ ಗೆರೆಯೊಂದು ಎದ್ದು ನಿಲ್ಲುತ್ತದೆ. ಎರಡನೆಯ ಕೇಡೇ ಹೆಚ್ಚಿನದು. ಮೊದಲನೆಯದನ್ನು ಇನ್ನೊಂದು ದಿನ ತಿದ್ದಬಹುದು; ಎರಡನೆಯದನ್ನು ಸೇವ್ ಮಾಡಿ ಮೂಲ ಫೈಲ್ ಅಳಿಸಿಬಿಟ್ಟಿದ್ದರೆ ಕಥೆ ಮುಗಿಯಿತು.

ಇಲ್ಲಿ ಹೇಳುವ ಕ್ರಮ ಲೈಟ್‌ರೂಮ್ ಎಂಬ ಫೋಟೊ ಎಡಿಟಿಂಗ್ ಸಾಫ್ಟ್‌ವೇರಿನ ಹೆಸರುಗಳಲ್ಲಿದೆ. ದುಡ್ಡು ಕೊಡಲು ಇಷ್ಟವಿಲ್ಲದವರಿಗೆ ಕಂಪ್ಯೂಟರ್‌ನಲ್ಲಿ ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್ ಉಚಿತ. ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್ ಉಚಿತ. ಸ್ಲೈಡರ್‌ಗಳ ಹೆಸರು ಅಷ್ಟಿಷ್ಟು ಬದಲಾದರೂ ಕೆಲಸದ ಕ್ರಮ ಬದಲಾಗುವುದಿಲ್ಲ.

ಶುರು ಮಾಡುವ ಮೊದಲು

ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದೆ, ಕುಗ್ಗಿಸದೆ ಕೊಡುವ ಮೂಲ ಫೈಲ್) ಸಿಗುವಂತಿದ್ದರೆ ಅದರಲ್ಲೇ ತೆಗೆಯಿರಿ. ಜೆಪೆಗ್ ಫೈಲ್ 8 ಬಿಟ್‌ನದು, ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 14 ಬಿಟ್‌ನ ರಾ ಫೈಲ್‌ನಲ್ಲಿ ಆ ಮೆಟ್ಟಿಲುಗಳು 16,384. ಬಂಡೆಯ ನೆರಳನ್ನು ಎತ್ತಿದಾಗ, ಬೆಳ್ಳಗಾದ ಮೋಡವನ್ನು ಇಳಿಸಿದಾಗ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಜೆಪೆಗ್‌ನಲ್ಲಿ ಸಂಜೆಯ ಆಕಾಶವನ್ನು ಎಳೆದಾಡಿದರೆ ಬಣ್ಣ ನಯವಾಗಿ ಹರಡದೆ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ಫೋನಿನಲ್ಲಿ ತೆಗೆದ ಫೋಟೊ ಆದರೆ ಒಂದು ಮಾತು ನೆನಪಿರಲಿ: ಫೋನು ತನ್ನ ಪಾಲಿನ ಎಡಿಟಿಂಗ್ ಆಗಲೇ ಮುಗಿಸಿದೆ. ನೆರಳು ಎತ್ತಿದೆ, ಅಂಚು ಚೂಪು ಮಾಡಿದೆ, ಹಸಿರಿಗೆ ಬಣ್ಣ ತುಂಬಿದೆ. ಆದ್ದರಿಂದ ಕೆಳಗೆ ಕೊಟ್ಟ ಅಂಕಿಗಳಲ್ಲಿ ಅರ್ಧದಿಂದ ಶುರು ಮಾಡಿ.

ಪರದೆಯ ಬೆಳಕನ್ನೂ ನೋಡಿಕೊಳ್ಳಿ. ಪೂರ್ತಿ ಬ್ರೈಟ್‌ನೆಸ್ ಇಟ್ಟುಕೊಂಡು ಎಡಿಟ್ ಮಾಡಿದ ಫೋಟೊ ಲ್ಯಾಬಿನಿಂದ ಕಪ್ಪಾಗಿ ಬರುತ್ತದೆ, ಬೈಗುಳ ಮಾತ್ರ ಲ್ಯಾಬಿನವನಿಗೆ. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಪಕ್ಕದಲ್ಲೊಂದು ಬಿಳಿ ಹಾಳೆ ಇಟ್ಟುಕೊಂಡು, ಪರದೆಯ ಬಿಳಿಯೂ ಹಾಳೆಯ ಬಿಳಿಯೂ ಸುಮಾರಾಗಿ ಒಂದೇ ಹೊಳಪಿನಲ್ಲಿ ಕಾಣುವಂತೆ ಹೊಂದಿಸಿದರೆ ಮನೆಗೆಲಸಕ್ಕೆ ಅಷ್ಟು ಸಾಕು.

ಮೊದಲು ನೇರ ಮಾಡಿ

ಲೆನ್ಸ್ ಕರೆಕ್ಷನ್ ಆನ್ ಮಾಡಿ, ಅಲ್ಲೇ ಇರುವ ಕ್ರೊಮ್ಯಾಟಿಕ್ ಅಬರೇಶನ್ ಚೌಕಕ್ಕೂ ಟಿಕ್ ಹಾಕಿ. ದುರ್ಗದ ಸುತ್ತಲ ಗುಡ್ಡಗಳ ಗಾಳಿಯಂತ್ರಗಳನ್ನು ತೆಗೆದವರಿಗೆ ಇದರ ಬೆಲೆ ತಿಳಿಯುತ್ತದೆ: ಬೆಳ್ಳನೆಯ ಆಕಾಶದ ಎದುರು ರೆಕ್ಕೆಗಳ ಅಂಚಿಗೆ ನೇರಳೆ ಅಥವಾ ಹಸಿರು ಗೆರೆ ಅಂಟಿಕೊಂಡಿರುತ್ತದೆ, ಆ ಒಂದು ಟಿಕ್‌ಗೆ ಬಹುಪಾಲು ಹೋಗುತ್ತದೆ.

ಆಮೇಲೆ ವಾಲಿದ್ದನ್ನು ಸರಿಪಡಿಸಬೇಕು. ಗುಡ್ಡದ ಸಾಲನ್ನು ನಂಬಿ ತಿರುಗಿಸಬೇಡಿ, ಗುಡ್ಡ ಇಳಿಜಾರಾಗಿಯೇ ಇರುತ್ತದೆ. ಗಾಳಿಯಂತ್ರದ ಕಂಬ ನಂಬಿಕಸ್ಥ ತೂಗುಗುಂಡು. ಆದರೆ ಚಿತ್ರದ ನಡುವಿಗೆ ಹತ್ತಿರದ ಕಂಬವನ್ನೇ ಹಿಡಿಯಬೇಕು; ಕ್ಯಾಮೆರಾ ಮೇಲೆತ್ತಿ ತೆಗೆದ ವೈಡ್ ಲೆನ್ಸ್ ಚಿತ್ರದಲ್ಲಿ ಅಂಚಿನ ಕಂಬಗಳು ಒಳಗೆ ವಾಲಿರುತ್ತವೆ. ಸೂಳೆಕೆರೆಯಂಥ ದೊಡ್ಡ ಕೆರೆಯ ಚಿತ್ರದಲ್ಲಿ ಎದುರು ದಡವನ್ನು ಅಡ್ಡಗೆರೆ ಎಂದುಕೊಳ್ಳುವುದು ಮಾಮೂಲಿ ತಪ್ಪು. ದಡ ಬಾಗಿ ನಮ್ಮ ಕಡೆ ಬರುತ್ತಿದ್ದರೆ ಅದು ಚಿತ್ರದಲ್ಲಿ ಓರೆಯಾಗಿಯೇ ಕಾಣಬೇಕು. ಅಲ್ಲಿ ನೋಡಬೇಕಾದ್ದು ಪ್ರತಿಬಿಂಬ: ಮರದ ತುದಿ ಮತ್ತು ನೀರಿನಲ್ಲಿ ಅದೇ ತುದಿಯ ಬಿಂಬ ಒಂದೇ ಲಂಬರೇಖೆಯ ಮೇಲೆ ಬಂದರೆ ಫೋಟೊ ನೇರ. ಸಂತೇಬೆನ್ನೂರಿನ ಪುಷ್ಕರಣಿಗೂ ಇದೇ ಲೆಕ್ಕ. ನಡುಮಂಟಪ ಮತ್ತದರ ಬಿಂಬ ಜೋಡಿಸಿದ ಮೇಲೆಯೇ ಮೆಟ್ಟಿಲುಗಳ ಕಡೆ ನೋಡಿ.

ಕ್ರಾಪ್ ಈಗಲೇ ಬೇಡ. ಫ್ರೇಮಿನ ಅಳತೆ ಗೊತ್ತಾಗುವವರೆಗೆ ಅದು ಕಾಯಲಿ.

ಬೆಳಕಿನ ಬಣ್ಣ

ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಆಟೊ ವೈಟ್ ಬ್ಯಾಲೆನ್ಸ್ ಸಂಜೆಯ ಶತ್ರು. ಚಿತ್ರದಲ್ಲಿ ಹೊಂಬಣ್ಣ ಹೆಚ್ಚಿದೆ ಎಂದು ತೀರ್ಮಾನಿಸಿ ಅದು ನೀಲಿ ಬೆರೆಸುತ್ತದೆ. ಇಳಿಬಿಸಿಲಿನಲ್ಲಿ ಕೆಂಪೇರಿದ್ದ ಗ್ರಾನೈಟ್ ಮತ್ತೆ ಸಿಮೆಂಟ್ ಆಗುತ್ತದೆ. ರಾ ಫೈಲ್ ಆದರೆ ಡೇಲೈಟ್ ಆಯ್ದುಕೊಳ್ಳಿ, 5500 ಕೆಲ್ವಿನ್ ಆಸುಪಾಸು ನಿಲ್ಲುತ್ತದೆ. ಮೋಡದ ದಿನಕ್ಕೆ 6500. ಜೆಪೆಗ್‌ನಲ್ಲಿ ಕೆಲ್ವಿನ್ ಅಂಕಿ ಬರುವುದಿಲ್ಲ, ಸೊನ್ನೆಯ ಆಚೀಚೆ ಸರಿಯುವ ಸ್ಲೈಡರ್ ಮಾತ್ರ. ಅಲ್ಲಿ 5ರಿಂದ 10ರವರೆಗೆ ಬಲಕ್ಕೆ ಸರಿಸಿದರೆ ಸಾಕು.

ನೆರಳಿನ ಭಾಗ ಸ್ವಲ್ಪ ನೀಲಿಯಾಗಿ ಕಂಡರೆ ಗಾಬರಿಯಾಗಬೇಡಿ. ಅಲ್ಲಿಗೆ ಸೂರ್ಯನ ಬೆಳಕು ತಲುಪಿಲ್ಲ, ಆಕಾಶದ ಬೆಳಕಷ್ಟೇ ಬಿದ್ದಿದೆ, ನೀಲಿ ಇರಬೇಕಾದ್ದೇ. ಇಡೀ ಚಿತ್ರವನ್ನು ಬಿಸಿ ಮಾಡಿ ಆ ನೀಲಿಯನ್ನು ಅಳಿಸಿದರೆ ಬಿಸಿಲಿನ ಬಂಡೆ ಕಿತ್ತಳೆ ಹಣ್ಣಾಗುತ್ತದೆ.

ಬೆಳಕು ಮತ್ತು ನೆರಳು

ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆ) ಎದುರಿಗಿರಲಿ. ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್ ಪುಟದಲ್ಲಿ ಜೆ ಕೀ ಒತ್ತಿದರೆ ವಿವರ ಕಳೆದುಕೊಂಡ ಬಿಳಿ ಕೆಂಪಾಗಿಯೂ ಪೂರ್ತಿ ಕಪ್ಪಾದದ್ದು ನೀಲಿಯಾಗಿಯೂ ಕಾಣುತ್ತದೆ.

ಬೆಳಗಿನ ಅಥವಾ ಸಂಜೆಯ ಸಾಮಾನ್ಯ ರಾ ಫೈಲ್‌ಗೆ ಹೀಗೆ ಶುರು ಮಾಡಿ. ಹೈಲೈಟ್ಸ್ ಮೈನಸ್ 40ರಿಂದ 70. ಶ್ಯಾಡೋಸ್ ಪ್ಲಸ್ 20ರಿಂದ 40, ಅದಕ್ಕಿಂತ ಮೇಲೆ ಬೇಡ. ಬಳಿಕ ಆಲ್ಟ್ ಕೀ ಒತ್ತಿ ಹಿಡಿದು ವೈಟ್ಸ್ ಸ್ಲೈಡರ್ ಬಲಕ್ಕೆ ಎಳೆಯಿರಿ, ಕಪ್ಪು ಪರದೆಯ ಮೇಲೆ ಮೊದಲ ಚುಕ್ಕೆಗಳು ಮೂಡಿದೊಡನೆ ನಿಲ್ಲಿಸಿ. ಬ್ಲ್ಯಾಕ್ಸ್‌ಗೂ ಹಾಗೆಯೇ, ಎಡಕ್ಕೆ. ಇಲ್ಲಿ ಪರದೆ ಬಿಳಿಯಾಗಿರುತ್ತದೆ, ಒಂದೆರಡು ಕಪ್ಪು ಬಿರುಕು ಕಂಡರೆ ಸಾಕು. ಬಂಡೆಗಳ ಸಂದಿ ಕಪ್ಪಾಗಿಯೇ ಇರಬೇಕು. ಒನಕೆ ಓಬವ್ವನ ಕಿಂಡಿಯೊಳಗೆ ಟ್ಯೂಬ್‌ಲೈಟ್ ಹಾಕಿದಂತೆ ಕಂಡರೆ ಅದು ಕಿಂಡಿಯೇ ಅಲ್ಲ. ಸಂದಿಯ ಕಪ್ಪು ಹೋದರೆ ಬಂಡೆಯ ಭಾರವೂ ಹೋಗುತ್ತದೆ, ಕಾಗದ ಮುದುಡಿಟ್ಟಂತೆ ಕಾಣುತ್ತದೆ.

ಎಷ್ಟು ಇಳಿಸಿದರೂ ವಾಪಸು ಬರದ ಬಿಳಿಯೂ ಇದೆ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ 2022ರಲ್ಲಿ ಕೋಡಿ ಬಿದ್ದಾಗ ಮಾರಿಕಣಿವೆಗೆ ಜನ ಫೋನು ಹಿಡಿದು ಹೋದರು. ಅಂಥ ಕೋಡಿ ನೀರಿನ ಫೋಟೊಗಳಲ್ಲಿ ನೊರೆ ಹೆಚ್ಚಾಗಿ ವಿವರವೇ ಇಲ್ಲದ ಬಿಳಿ ತೇಪೆಯಾಗಿರುತ್ತದೆ. ಅದನ್ನು ಹೈಲೈಟ್ಸ್‌ನಿಂದ ಇಳಿಸಿದರೆ ನೊರೆ ಬಾರದು, ಬೂದು ಬಣ್ಣ ಬರುತ್ತದೆ. ಹಾಗಿದ್ದರೆ ಬಿಳಿಯಾಗಿಯೇ ಬಿಡಿ. ಮುಂದಿನ ಸಲ ನೀರಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಎಕ್ಸ್‌ಪೋಷರ್ ಮೈನಸ್ 1ಕ್ಕೆ ಇಳಿಸಿ ತೆಗೆಯಿರಿ.

ಮಬ್ಬು ತೆಗೆಯುವುದು: ಹೆಚ್ಚು ಜನ ಎಡವುವುದು ಇಲ್ಲೇ

ಕೋಟೆಯ ಮೇಲಿನಿಂದ ಊರಿನ ಕಡೆ ಅಥವಾ ಜೋಗಿಮಟ್ಟಿಯಿಂದ ದೂರದ ಗುಡ್ಡಗಳ ಕಡೆ ನೋಡಿದರೆ ಬೇಸಿಗೆಯಲ್ಲಿ ದೂಳಿನ ಮಬ್ಬು ಇದ್ದೇ ಇರುತ್ತದೆ. ಡಿಹೇಜ್ ಸ್ಲೈಡರ್ ಅದಕ್ಕಾಗಿಯೇ ಇರುವುದು, ಆದರೆ ಅದು ಮಬ್ಬನ್ನಷ್ಟೇ ತೆಗೆದು ಸುಮ್ಮನಾಗುವುದಿಲ್ಲ. ಕಾಂಟ್ರಾಸ್ಟ್ ಏರಿಸುತ್ತದೆ, ಬಣ್ಣ ಗಾಢ ಮಾಡುತ್ತದೆ, ನೆರಳು ಕಪ್ಪಾಗಿಸುತ್ತದೆ, ಲೆನ್ಸಿನ ಮೂಲೆಗಳ ಮಸುಕನ್ನು ಎತ್ತಿ ತೋರಿಸುತ್ತದೆ, ಸೆನ್ಸರ್ ಮೇಲಿನ ದೂಳಿನ ಚುಕ್ಕೆಗಳನ್ನೆಲ್ಲ ಆಕಾಶದಲ್ಲಿ ಮೆರವಣಿಗೆ ಹೊರಡಿಸುತ್ತದೆ. ಇಡೀ ಚಿತ್ರಕ್ಕೆ 10ರಿಂದ 15 ಮೀರಬೇಡಿ. ಇನ್ನೂ ಬೇಕೆನಿಸಿದರೆ ಲೀನಿಯರ್ ಗ್ರೇಡಿಯಂಟ್ ಮಾಸ್ಕ್ (ಆಯ್ದ ಭಾಗಕ್ಕಷ್ಟೇ ಬದಲಾವಣೆ ತಗಲಿಸುವ ಉಪಕರಣ) ಅನ್ನು ದೂರದ ಗುಡ್ಡಗಳ ಮೇಲಷ್ಟೇ ಎಳೆದು ಅಲ್ಲಿ ಇನ್ನೊಂದು 15 ಕೊಡಿ.

ಮಬ್ಬನ್ನು ಪೂರ್ತಿ ಒರೆಸುವುದು ಬೇಡವೇ ಬೇಡ. ಹತ್ತಿರದ ಬಂಡೆ ಗಾಢ, ಅದರಾಚೆಯ ಗುಡ್ಡ ತಿಳಿ, ಕೊನೆಯ ಸಾಲು ಆಕಾಶಕ್ಕೆ ಬೆರೆತಂತೆ. ದೂರ ಎಷ್ಟಿದೆ ಎಂದು ಕಣ್ಣಿಗೆ ಹೇಳುವುದು ಈ ಇಳಿಕೆಯೇ. ಎಲ್ಲವೂ ಒಂದೇ ಗಾಢವಾದರೆ ಹತ್ತು ಕಿಲೊಮೀಟರ್ ಆಚೆಯ ಗುಡ್ಡ ಹಿತ್ತಲಿನ ಗೋಡೆಯಾಗಿಬಿಡುತ್ತದೆ.

ಕ್ಲ್ಯಾರಿಟಿ 10ರಿಂದ 15, ಟೆಕ್ಸ್ಚರ್ 15ರಿಂದ 25. ಬಂಡೆಯ ಹರಳು, ಗೋಡೆಗಲ್ಲಿನ ಉಳಿಗುರುತು ಬೇಕಿದ್ದರೆ ಟೆಕ್ಸ್ಚರ್ ಸಾಕು. ಕ್ಲ್ಯಾರಿಟಿ ದೊಡ್ಡ ಅಂಚುಗಳ ಆಚೀಚೆ ಬೆಳಕು-ಕತ್ತಲೆಯ ಅಂತರವನ್ನು ಹಿಗ್ಗಿಸುತ್ತದೆ. ಬಂಡೆ ಮತ್ತು ಆಕಾಶ ಸೇರುವ ಕಡೆ ಬಿಳಿ ಅಂಚು ಹುಟ್ಟುವುದು ಅದರಿಂದಲೇ. ಸ್ನ್ಯಾಪ್‌ಸೀಡ್‌ನಲ್ಲಿ ಇದೇ ಕೆಲಸ ಡೀಟೇಲ್ಸ್ ಒಳಗಿನ ಸ್ಟ್ರಕ್ಚರ್‌ನದು, 10ರ ಮೇಲೆ ಹೋಗಬೇಡಿ. ಎಚ್‌ಡಿಆರ್ ಸ್ಕೇಪ್ ಮುಟ್ಟದಿದ್ದರೆ ಇನ್ನೂ ಒಳ್ಳೆಯದು.

ಆಕಾಶ, ನೀರು, ಹಸಿರು

ಸೆಲೆಕ್ಟ್ ಸ್ಕೈ ಒತ್ತಿದರೆ ಆಕಾಶ ತಾನಾಗಿ ಆಯ್ಕೆಯಾಗುತ್ತದೆ. ಎಕ್ಸ್‌ಪೋಷರ್ ಮೈನಸ್ 0.30ರಿಂದ 0.50, ಅಷ್ಟೇ. ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ ಅಂಚಿನುದ್ದಕ್ಕೂ ನೋಡಿಕೊಂಡು ಹೋಗಿ: ತೆನೆಕಲ್ಲುಗಳ ನಡುವೆ, ಮರದ ಎಲೆಗಳ ಸಂದಿಯಲ್ಲಿ ಮಾಸ್ಕ್ ತಪ್ಪಿ ಬಿಳಿ ತುಣುಕುಗಳು ಉಳಿದಿರುತ್ತವೆ. ಬ್ರಷ್‌ನಿಂದ ಸೇರಿಸಿ ಅಥವಾ ಕಳೆಯಿರಿ.

ನೀರಿನಲ್ಲಿ ಬಿಂಬವಿದ್ದರೆ ಬಿಂಬದ ಆಕಾಶ ಮೇಲಿನ ಆಕಾಶಕ್ಕಿಂತ ಕಪ್ಪಾಗಿರಬೇಕು. ನೀರು ಬೆಳಕನ್ನೆಲ್ಲ ಹಿಂದಿರುಗಿಸುವುದಿಲ್ಲ. ಮೇಲಿನ ಆಕಾಶವನ್ನು ಇಳಿಸಿ ಬಿಂಬವನ್ನು ಹಾಗೇ ಬಿಟ್ಟರೆ ಲೆಕ್ಕ ತಿರುಗುಮುರುಗಾಗುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅಕ್ಕ-ತಂಗಿಯರ ಹೊಂಡದಂಥ ಚಿತ್ರಗಳಲ್ಲಿ ಈ ತಪ್ಪು ಕಣ್ಣಿಗೆ ಹೊಡೆಯುತ್ತದೆ.

ದಾವಣಗೆರೆಯ ಕಡೆ ಭದ್ರಾ ನಾಲೆಯ ಗದ್ದೆಗಳ ಹಸಿರು ಬೇರೆಯದೇ ತಲೆನೋವು. ಫೋನಿನ ಫೋಟೊದಲ್ಲಿ ಅದು ಪ್ಲಾಸ್ಟಿಕ್ ಹಾಳೆಯಂತೆ ಮಿಂಚುತ್ತದೆ. ಹಸಿರಿನ ಸ್ಲೈಡರ್ ಎಷ್ಟು ಇಳಿಸಿದರೂ ಅಷ್ಟಾಗಿ ಬದಲಾಗದು, ಯಾಕೆಂದರೆ ಬಿಸಿಲಿನಲ್ಲಿ ಪೈರಿನ ಬಣ್ಣ ಬಹುಪಾಲು ಹಳದಿಯ ಲೆಕ್ಕಕ್ಕೆ ಸೇರುತ್ತದೆ. ಕಲರ್ ಮಿಕ್ಸರ್‌ನಲ್ಲಿ ಹಳದಿಯ ಸ್ಯಾಚುರೇಶನ್ ಮೈನಸ್ 10ರಿಂದ 20, ಲ್ಯೂಮಿನನ್ಸ್ ಮೈನಸ್ 10. ಆಮೇಲೆ ಹಸಿರಿಗೆ ಮೈನಸ್ 10. ಬಂಡೆಯ, ಕೆಂಪು ಮಣ್ಣಿನ ಬಣ್ಣ ಇರುವುದು ಕಿತ್ತಳೆಯಲ್ಲಿ; ಅಲ್ಲಿ ಪ್ಲಸ್ 5 ಕೊಟ್ಟರೂ ಬಂಡೆಗೆ ಜೀವ ಬರುತ್ತದೆ. ಒಟ್ಟು ಚಿತ್ರಕ್ಕೆ ವೈಬ್ರನ್ಸ್ 10. ಸ್ಯಾಚುರೇಶನ್ ಸೊನ್ನೆಯಲ್ಲೇ ಇರಲಿ.

ಆಕಾಶ ಬದಲಿಸುವ ಸೌಲಭ್ಯ ಈಗ ಹಲವು ಆ್ಯಪ್‌ಗಳಲ್ಲಿದೆ. ಏಪ್ರಿಲ್‌ನ ಒಣ ಹುಲ್ಲಿನ ಮೇಲೆ ಆಷಾಢದ ಮೋಡ ಅಂಟಿಸಿದರೆ ಊರಿನವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಬಿದ್ದ ಚಿಪ್ಸ್ ಪೊಟ್ಟಣ, ಅಡ್ಡ ಬಂದ ವೈರು ಅಳಿಸಿ, ತಕರಾರಿಲ್ಲ. ಗಾಳಿಯಂತ್ರಗಳನ್ನು ಮಾತ್ರ ಅಳಿಸಬೇಡಿ ಎಂಬುದು ನಮ್ಮ ಮನವಿ. ಇವತ್ತಿನ ದುರ್ಗ ಅವೂ ಸೇರಿಯೇ ಇರುವುದು.

ಕೊನೆಗೆ ಶಾರ್ಪನಿಂಗ್. ಅಮೌಂಟ್ 40ರಿಂದ 60, ರೇಡಿಯಸ್ 1. ಆಲ್ಟ್ ಒತ್ತಿ ಮಾಸ್ಕಿಂಗ್ ಸ್ಲೈಡರ್ ಎಳೆದಾಗ ಬಿಳಿಯಾಗಿ ಕಂಡದ್ದಕ್ಕೆ ಮಾತ್ರ ಶಾರ್ಪನಿಂಗ್ ತಗಲುತ್ತದೆ. ಆಕಾಶ, ನೀರು ಪೂರ್ತಿ ಕಪ್ಪಾಗುವವರೆಗೆ ಎಳೆಯಿರಿ, ಸುಮಾರು 60ರ ಹತ್ತಿರ. ಇಲ್ಲದಿದ್ದರೆ ನೀಲಿ ಆಕಾಶದಲ್ಲಿ ರವೆ ಚೆಲ್ಲಿದಂತೆ ಕಾಳು ಏಳುತ್ತದೆ.

ಫ್ರೇಮ್ ಹಾಕುವುದು

ಫೋಟೊದ ಸುತ್ತ ಸಾಫ್ಟ್‌ವೇರಿನಲ್ಲಿ ಹಾಕುವ ಅಂಚು ಒಂದು ಬಗೆ, ಮೇಜಿನ ಮೇಲಿಡುವ ಎಲೆಕ್ಟ್ರಾನಿಕ್ ಫ್ರೇಮ್ ಇನ್ನೊಂದು. ಎರಡರಲ್ಲೂ ಅಳತೆಯೇ ಮುಖ್ಯ.

ಪ್ರಿಂಟಿಗಾಗಿ ಅಂಚು ಹಾಕುವವರು ಸಾಮಾನ್ಯವಾಗಿ ಮಾಡುವ ತಪ್ಪು ನೋಡಿ. 12×8 ಇಂಚಿನ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್‌ನಂತೆ 3600×2400 ಬೇಕು. ಅಷ್ಟೇ ಅಳತೆಯ ಫೋಟೊಗೆ ಸುತ್ತ 200 ಪಿಕ್ಸೆಲ್ ಅಂಚು ಸೇರಿಸಿದರೆ 4000×2800 ಆಗುತ್ತದೆ. 3:2 ಇದ್ದದ್ದು 10:7 ಆಯಿತು. ಲ್ಯಾಬಿನ ಯಂತ್ರ ಅದನ್ನು 12×8ಕ್ಕೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸುತ್ತದೆ. ಎಡಬಲದ ಅಂಚು ದಪ್ಪ, ಮೇಲಿನದು ತೆಳು. ಆದ್ದರಿಂದ ಅಂಚನ್ನು ಹೊರಗೆ ಸೇರಿಸಬೇಡಿ, ಫೋಟೊವನ್ನು ಒಳಗೆ ಕುಗ್ಗಿಸಿ. ಸುತ್ತ ಅರ್ಧ ಇಂಚು, ಅಂದರೆ 150 ಪಿಕ್ಸೆಲ್ ಬಿಟ್ಟರೆ ಒಳಗಿನ ಫೋಟೊಗೆ ಉಳಿಯುವುದು 3300×2100, ಅದು 11:7. ಕಾಯಿಸಿಟ್ಟಿದ್ದ ಕ್ರಾಪ್ ಮಾಡುವ ಹೊತ್ತು ಈಗ ಬಂತು: 11:7 ಅನುಪಾತ ಹಾಕಿ ಕ್ರಾಪ್ ಮಾಡಿ.

ಗಿಂಪ್‌ನಲ್ಲಿ ಹೀಗೆ:

1. ಕ್ರಾಪ್ ಆದ ಫೋಟೊ ತೆರೆದು, ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ನಲ್ಲಿ 3300×2100 ಮಾಡಿ. ಲೇಯರ್ ಮೆನುವಿನಲ್ಲಿ ಆಡ್ ಆಲ್ಫಾ ಚಾನೆಲ್ ಒತ್ತಿ.
2. ಇಮೇಜ್ ಮೆನುವಿನ ಕ್ಯಾನ್ವಾಸ್ ಸೈಜ್ ತೆರೆಯಿರಿ. ಅಗಲ-ಎತ್ತರದ ನಡುವಿನ ಸರಪಳಿ ಗುರುತು ಬಿಡಿಸಿ 3600, 2400 ಬರೆಯಿರಿ, ಸೆಂಟರ್ ಒತ್ತಿ, ರೀಸೈಜ್ ಒತ್ತಿ. ಸರಪಳಿ ಬಿಡಿಸದಿದ್ದರೆ ಒಂದು ಅಂಕಿ ಬರೆದೊಡನೆ ಇನ್ನೊಂದು ತಾನಾಗಿ ಬದಲಾಗುತ್ತದೆ.
3. ಹೊಸ ಲೇಯರ್ ಮಾಡಿ, ಅಂಚಿನ ಬಣ್ಣ ತುಂಬಿ, ಫೋಟೊದ ಕೆಳಗೆ ಇಳಿಸಿ.
4. ಫೋಟೊ ಲೇಯರ್ ಆಯ್ದು, ಆಲ್ಫಾ ಟು ಸೆಲೆಕ್ಷನ್ ಕೊಟ್ಟು, ಎಡಿಟ್ ಮೆನುವಿನ ಸ್ಟ್ರೋಕ್ ಸೆಲೆಕ್ಷನ್‌ನಲ್ಲಿ 6 ಪಿಕ್ಸೆಲ್ ಬೂದು ಗೆರೆ ಎಳೆಯಿರಿ. ಕಾಗದದ ಮೇಲೆ ಅದು ಹೆಚ್ಚೆಂದರೆ ಅರ್ಧ ಮಿಲಿಮೀಟರ್.
5. ಗಿಂಪ್‌ನ ಸ್ವಂತ ಫೈಲಾಗಿ ಒಂದು ಪ್ರತಿ ಸೇವ್ ಮಾಡಿಟ್ಟು, ಎಕ್ಸ್‌ಪೋರ್ಟ್‌ನಲ್ಲಿ ಜೆಪೆಗ್ ತೆಗೆಯಿರಿ, ಗುಣಮಟ್ಟ 95.

ಅಂಚು 10 ಮಿಲಿಮೀಟರ್‌ಗಿಂತ, ಅಂದರೆ ಸುಮಾರು 120 ಪಿಕ್ಸೆಲ್‌ಗಿಂತ ಸಣ್ಣದಾಗದಿರಲಿ. ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ. ತೆಳು ಅಂಚಿನಲ್ಲಿ ಅದು ಎದ್ದು ಕಾಣುತ್ತದೆ, ದಪ್ಪ ಅಂಚಿನಲ್ಲಿ ಮುಚ್ಚಿಹೋಗುತ್ತದೆ. ಮೇಲೆ ಮರದ ಫ್ರೇಮ್ ಕಟ್ಟಿಸುವುದಾದರೆ ಬೀಡಿಂಗ್ ಪಟ್ಟಿ ಸುತ್ತಲೂ ಸುಮಾರು 5 ಮಿಲಿಮೀಟರ್ ನುಂಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಣ್ಣದ ಮಾತು. ಹೂಬಳ್ಳಿ, ಬಂಗಾರದ ಗೆರೆ, ಮೂಲೆಯಲ್ಲಿ ನವಿಲು ಇರುವ ಸಿದ್ಧ ಫ್ರೇಮ್‌ಗಳು ಮದುವೆ ಆಲ್ಬಮ್ಮಿಗಿರಲಿ. ನಿಸರ್ಗ ಚಿತ್ರಕ್ಕೆ ಕೆನೆಬಿಳಿ ಅಥವಾ ಕಡು ಬೂದು ಸಾಕು. ಕೆನೆಬಿಳಿಗೆ ಕೆಂಪು 245, ಹಸಿರು 242, ನೀಲಿ 234. ಕಡು ಬೂದಿಗೆ ಮೂರೂ 40. ಬೆಳ್ಳನೆಯ ಆಕಾಶವಿರುವ ಚಿತ್ರಕ್ಕೆ ಬಿಳಿ ಅಂಚು ಹಾಕಿದರೆ ಎರಡೂ ಒಂದಾಗಿ ಫೋಟೊ ಎಲ್ಲಿ ಮುಗಿಯಿತೋ ತಿಳಿಯದು. ನಾಲ್ಕನೆಯ ಹಂತದ ಬೂದು ಗೆರೆ ಇರುವುದು ಇದಕ್ಕೇ. ಬಿಳಿ ಅಂಚಿನೊಳಗೆ ಫೋಟೊ ಇದ್ದದ್ದಕ್ಕಿಂತ ಕಪ್ಪಾಗಿಯೂ ಕಪ್ಪು ಅಂಚಿನೊಳಗೆ ಇದ್ದದ್ದಕ್ಕಿಂತ ಬೆಳ್ಳಗೂ ಕಾಣುತ್ತದೆ. ಹಾಗಾಗಿ ಅಂಚು ಹಾಕಿದ ಮೇಲೆ ಎಕ್ಸ್‌ಪೋಷರ್ ಮತ್ತೊಮ್ಮೆ ನೋಡಿ. ಬಿಳಿ ಅಂಚಿಗೆ ಪ್ಲಸ್ 0.10 ಅಥವಾ 0.15 ಬೇಕಾಗಬಹುದು.

ಮೊಬೈಲ್‌ನಲ್ಲೇ ಮುಗಿಸುವವರಿಗೆ ಸ್ನ್ಯಾಪ್‌ಸೀಡ್‌ನ ಎಕ್ಸ್‌ಪ್ಯಾಂಡ್ ಉಪಕರಣದಲ್ಲಿ ವೈಟ್ ಅಥವಾ ಬ್ಲ್ಯಾಕ್ ಆಯ್ದು ಅಂಚು ಎಳೆದರೆ ಸರಳ ಫ್ರೇಮ್ ಸಿದ್ಧ. ಇದು ಕೊನೆಯ ಕೆಲಸವಾಗಿರಲಿ. ಆಮೇಲೆ ಟ್ಯೂನ್ ಇಮೇಜ್ ಮುಟ್ಟಿದರೆ ಅಂಚಿನ ಬಣ್ಣವೂ ಕೆಡುತ್ತದೆ.

ಎಲೆಕ್ಟ್ರಾನಿಕ್ ಫ್ರೇಮಿಗೆ ಬೇರೆಯೇ ಪ್ರತಿ

10 ಇಂಚಿನ ಹಲವು ಫ್ರೇಮ್‌ಗಳ ಪರದೆ 1280×800, ಅಂದರೆ 16:10. 3:2 ಫೋಟೊ ಅದರಲ್ಲಿ 1200×800 ಆಗಿ ಕೂತು ಎಡಬಲ ನಲವತ್ತು ನಲವತ್ತು ಪಿಕ್ಸೆಲ್ ಕಪ್ಪು ಉಳಿಯುತ್ತದೆ. ಆ ಕಪ್ಪು ಬೇಡವೆಂದು ಫಿಲ್ ಸೆಟ್ಟಿಂಗ್ ಹಾಕಿದರೆ ಮೇಲೆ ಕೆಳಗೆ ಸೇರಿ 53 ಪಿಕ್ಸೆಲ್ ಹೋಗುತ್ತದೆ, ಸಾಮಾನ್ಯವಾಗಿ ಹೋಗುವುದು ಗಾಳಿಯಂತ್ರದ ರೆಕ್ಕೆ ಇಲ್ಲವೇ ದೇವಸ್ಥಾನದ ಕಳಶ. ನೀವೇ 16:10ಕ್ಕೆ ಕ್ರಾಪ್ ಮಾಡಿ 1280×800ಕ್ಕೆ ಎಕ್ಸ್‌ಪೋರ್ಟ್ ಮಾಡಿದರೆ ಏನು ಹೋಗಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ಅಗಲಕ್ಕಿಂತ ಎತ್ತರ ಹೆಚ್ಚಿರುವ ಫೋಟೊಗಳನ್ನು ಒಂಟಿಯಾಗಿ ಹಾಕಬೇಡಿ, ಪರದೆಯ ಅರ್ಧಕ್ಕಿಂತ ಹೆಚ್ಚು ಖಾಲಿ. ಎರಡನ್ನು 4:5ಕ್ಕೆ ಕ್ರಾಪ್ ಮಾಡಿ 640×800 ಆಗಿ ಪಕ್ಕಪಕ್ಕ ಜೋಡಿಸಿ: ಒಂದರಲ್ಲಿ ಕೋಟೆಯ ಬಾಗಿಲು, ಇನ್ನೊಂದರಲ್ಲಿ ಅದೇ ಬೆಳಕಿನ ಬಂಡೆ.

ಬಣ್ಣದ ವ್ಯಾಪ್ತಿ ಎಸ್‌ಆರ್‌ಜಿಬಿ ಎಂದೇ ಇರಲಿ. ಅಡೋಬಿ ಆರ್‌ಜಿಬಿ ಇಟ್ಟು ಕಳಿಸಿದರೆ, ಪ್ರೊಫೈಲ್ ಓದಲು ಬಾರದ ಫ್ರೇಮ್‌ನಲ್ಲಿ ಬಣ್ಣ ಪೇಲವವಾಗುತ್ತದೆ. ಕಂಪ್ಯೂಟರಿನಲ್ಲಿ ತೆರೆಯುವ ಫೋಟೊ ಫ್ರೇಮ್‌ನಲ್ಲಿ ತೆರೆಯದಿದ್ದರೆ ಮೊದಲು ಅನುಮಾನಿಸಬೇಕಾದ್ದು ಪ್ರೊಗ್ರೆಸಿವ್ ಜೆಪೆಗ್ (ಮಸುಕಿನಿಂದ ಸ್ಪಷ್ಟಕ್ಕೆ ಹಂತಹಂತವಾಗಿ ತೆರೆದುಕೊಳ್ಳುವ ಬಗೆ). ಗಿಂಪ್‌ನ ಎಕ್ಸ್‌ಪೋರ್ಟ್ ಪೆಟ್ಟಿಗೆಯಲ್ಲಿ ಪ್ರೊಗ್ರೆಸಿವ್ ಟಿಕ್ ತೆಗೆದು ಮತ್ತೆ ಸೇವ್ ಮಾಡಿ. ಅಷ್ಟಕ್ಕೂ ಆಗದಿದ್ದರೆ ಮೆಮರಿ ಕಾರ್ಡ್ ನೋಡಿ: ಹಳೆಯ ಫ್ರೇಮ್‌ಗಳು 32 ಜಿಬಿಗಿಂತ ದೊಡ್ಡ ಕಾರ್ಡ್ ಓದದಿರಬಹುದು, ಫ್ಯಾಟ್32 ಫಾರ್ಮ್ಯಾಟ್ ಆಗಿರಬೇಕು. ಫಾರ್ಮ್ಯಾಟ್ ಮಾಡಿದರೆ ಕಾರ್ಡಿನಲ್ಲಿದ್ದದ್ದೆಲ್ಲ ಹೋಗುತ್ತದೆ, ಮೊದಲೇ ನಕಲು ತೆಗೆದಿಡಿ.

ಫೈಲುಗಳನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತವೆ; ಡಾಕ್ಯುಮೆಂಟ್ ಆಗಿ ಕಳಿಸಿ. ಲ್ಯಾಬಿಗೆ ಕೊಡುವಾಗ ಆಟೊ ಕರೆಕ್ಷನ್ ಬೇಡ ಎಂದು ಬಾಯಿಬಿಟ್ಟು ಹೇಳಿ, ಇಲ್ಲವಾದರೆ ಇಷ್ಟೆಲ್ಲ ಉಳಿಸಿಕೊಂಡ ಸಂಜೆಯ ಹೊಂಬಣ್ಣವನ್ನು ಅವರ ಯಂತ್ರ ದೋಷವೆಂದು ತಿಳಿದು ತಿದ್ದಿಬಿಡುತ್ತದೆ. 12×18ಕ್ಕೆ ಹೋಗುವ ಮೊದಲು ಅದೇ ಫೈಲ್‌ನ 4×6 ಪ್ರಿಂಟ್ ಒಂದನ್ನು ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ, ಹೊರಗೆ ಬಂದು ಹಗಲ ಬೆಳಕಿನಲ್ಲಿ ನೋಡಿ.